ದಾರಿ ತಪ್ಪಿದ ಕಂದನಿಗೆ

ಬೇಲೂರು, ಹಳೇಬೀಡುಗಳನ್ನು ನೋಡಲು ಹೊರಟ ಸಂಸಾರಗಳು ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿ ಬೆಟ್ಟವನ್ನೂ ಏರಿ ಬರುವುದುಂಟು. ತಂದೆ ಮೆಟ್ಟಿಲ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ತಾಯಿ ಬುತ್ತಿಯ ಗಂಟು ಬಿಚ್ಚುತ್ತಾರೆ. ಮಗು ಚಿಟ್ಟೆಯ ಬೆನ್ನು ಹತ್ತಿ ಪೊದೆಯಾಚೆ ಸರಿದಿರುತ್ತದೆ. ಅರಸೀಕೆರೆಯ ಕುರುಚಲು ಗುಡ್ಡಗಳಲ್ಲಿ ಕರಡಿ, ಚಿರತೆಗಳಿರುವುದನ್ನು ಬಲ್ಲವರಿಗೆ ಮುಂದಿನ ಅರ್ಧ ಗಳಿಗೆ ಎಂಥದೆಂದು ಬಣ್ಣಿಸಬೇಕಾಗಿಲ್ಲ.

ಕಾಡುಪಾಲಾದ ಕೂಸಿನ ಕಥೆ ಈ ಸೀಮೆಗೆ ಹೊಸದಲ್ಲ. ನೆರೆಯ ಕಡೂರು ತಾಲ್ಲೂಕಿನ ದೇವನೂರಿನವನೆಂದು ಹೆಸರಾದ ಲಕ್ಷ್ಮೀಶ ಕವಿ ಜೈಮಿನಿ ಭಾರತದಲ್ಲಿ ಚಂದ್ರಹಾಸನ ಕಥೆಯನ್ನು ಹೇಳಿದ್ದಾನೆ. ಕೊಲ್ಲಲು ಕರೆದೊಯ್ದ ಕಟುಕರು ಕನಿಕರಪಟ್ಟು, ಆರನೆಯ ಕಾಲ್ಬೆರಳನ್ನಷ್ಟೇ ಕತ್ತರಿಸಿ, ಬಾಲಕನನ್ನು ಅಡವಿಯಲ್ಲಿ ಬಿಟ್ಟುಹೋಗುತ್ತಾರೆ. ಬೇಟೆಗೆ ಬಂದ ಕುಳಿಂದ ಅವನನ್ನು ಎತ್ತಿಕೊಳ್ಳುತ್ತಾನೆ. ಕಾವ್ಯದಲ್ಲಿ ಕುಳಿಂದ ತಪ್ಪದೆ ಬರುತ್ತಾನೆ. ಲೋಕದಲ್ಲಿ, ಅವನು ಬರುವವರೆಗೆ ಮಗು ಉಳಿದಿರಬೇಕು.

1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಪಾಲೋಮಾರ್ ಬೆಟ್ಟದಲ್ಲಿ 9 ವರ್ಷದ ಹುಡುಗನೊಬ್ಬ ಮನೆಯವರಿಂದ ಅಗಲಿ, ಚಳಿಯಲ್ಲಿ ಪ್ರಾಣ ಬಿಟ್ಟ. ಆ ದುಃಖದಿಂದ ಹುಟ್ಟಿದ ಪಾಠವೊಂದನ್ನು ಅಲ್ಲಿಯ ಮಕ್ಕಳಿಗೆ ಕಲಿಸತೊಡಗಿದರು: ದಾರಿ ತಪ್ಪಿತೆಂದು ತಿಳಿದೊಡನೆ ಒಂದು ಮರವನ್ನು ಅಪ್ಪಿಕೊಂಡು ಅಲ್ಲಿಯೇ ನಿಲ್ಲು. ಮಗು ನಡೆದಷ್ಟೂ ಹುಡುಕಬೇಕಾದ ಕಾಡು ದೊಡ್ಡದಾಗುತ್ತದೆಯಷ್ಟೆ.

2023ರ ಮೇ 1ರಂದು ಕೊಲಂಬಿಯದ ಅಮೆಜಾನ್ ಕಾಡಿನಲ್ಲಿ ವಿಮಾನವೊಂದು ಬಿದ್ದಿತು. ಅದರಲ್ಲಿದ್ದ ಹಿರಿಯರಾರೂ ಉಳಿಯಲಿಲ್ಲ. 13 ವರ್ಷದ ಅಕ್ಕನೊಬ್ಬಳು ಮೂವರು ಒಡಹುಟ್ಟಿದವರನ್ನು 40 ದಿನ ಕಾಪಾಡಿದಳು. ಕಿರಿಯದು ಇನ್ನೂ ಎಳೆಗೂಸು. ಹುಡುಕುವವರು ಹೆಲಿಕಾಪ್ಟರಿನಿಂದ ಆ ಮಕ್ಕಳ ಅಜ್ಜಿಯ ದನಿಯನ್ನು, ಅವರದೇ ಭಾಷೆಯಲ್ಲಿ ಕೇಳಿಸಿದರು: ಅಲೆಯಬೇಡಿ, ಒಂದೆಡೆ ಇರಿ.

ನಾವು ಮಾಡುತ್ತಿರುವುದೇನು? ಊಟ ಒಲ್ಲೆನೆಂದರೆ ಗುಮ್ಮನನ್ನು ಕರೆಯುತ್ತೇವೆ. ಕೈ ಬಿಟ್ಟು ಓಡಿದರೆ ಬೆನ್ನು ಮುರಿಯುತ್ತೇವೆಂದು ಗದರಿಸುತ್ತೇವೆ. ಹಾಗೆ ಬೆಳೆದ ಮಗು, ಹುಡುಕಿ ಬಂದ ಅಪರಿಚಿತರು ಹೆಸರು ಹಿಡಿದು ಕೂಗಿದರೂ ಓಗೊಡದೆ ಪೊದೆಯೊಳಗೆ ಅಡಗಿದರೆ ತಪ್ಪು ಯಾರದು? ಅದಕ್ಕೆ ಕಾಡಿನ ಭಯಕ್ಕಿಂತ ಮನೆಯ ಏಟಿನ ಭಯವೇ ಹೆಚ್ಚು.

ಮುಂದಿನ ಪ್ರಯಾಣಕ್ಕೆ ಬುತ್ತಿ ಕಟ್ಟುವಾಗ ಮಗುವಿಗೆ ಎದ್ದು ಕಾಣುವ ಬಣ್ಣದ ಅಂಗಿ ತೊಡಿಸಿ, ಕೊರಳಿಗೊಂದು ಸೀಟಿ ಕಟ್ಟಿ. ಜೊತೆಗೆ ಎರಡು ಮಾತು ಹೇಳಿ: “ತಪ್ಪಿಸಿಕೊಂಡರೆ ನಿಂತಲ್ಲಿಯೇ ನಿಲ್ಲು, ಹುಡುಕಿಕೊಂಡು ನಾವು ಬರುತ್ತೇವೆ. ಸಿಕ್ಕಾಗ ಬೈಯುವುದಿಲ್ಲ.” ಎರಡನೆಯ ಮಾತನ್ನು ಉಳಿಸಿಕೊಳ್ಳುವುದೇ ಕಷ್ಟ, ಉಳಿಸಿಕೊಳ್ಳಲೇಬೇಕಾದುದೂ ಅದೇ.