3200ಕ್ಕೆ ದುಡ್ಡು, 2400ರ ಓಟ

ಜಾತ್ರೆ, ಸಂತೆ, ಗ್ರಾಮಸಭೆಗಳ ವಿಡಿಯೊ ಎಡಿಟ್ ಮಾಡಲೆಂದು ನಾವು ಐದು ಜನ ದುಡ್ಡು ಹಾಕಿ ಒಂದು ಕಂಪ್ಯೂಟರ್ ಕಟ್ಟಿಸಿದ್ದೆವು. ರೈಝೆನ್ 5 5600ಜಿ ಪ್ರೊಸೆಸರ್, ಎಂಟೆಂಟು ಜಿಬಿಯ ಎರಡು ರ‍್ಯಾಮ್. ರ‍್ಯಾಮ್ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 3200 ಅಂತಿತ್ತು. ಅದಕ್ಕಿಂತ ಕಡಿಮೆ ವೇಗದ್ದು ಕಡಿಮೆ ಬೆಲೆಗೆ ಸಿಗುತ್ತಿತ್ತು, ಆದರೂ ಹೆಚ್ಚು ಕೊಟ್ಟು ಇದನ್ನೇ ತಂದೆವು. ಒಂದೂವರೆ ವರ್ಷ ಕಳೆದ ಮೇಲೆ ಒಂದು ದಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ವೇಗ 2400!

ಐದು ಎಚ್‌ಪಿ ಮೋಟರ್ ಇಳಿಸಿ ಗೇಟ್‌ವಾಲ್ವ್ ಅರ್ಧ ಮಾತ್ರ ತಿರುಗಿಸಿ ಹೋದ ಹಾಗೆ.

ಅಂಗಡಿಯವರನ್ನು ಕೇಳಿದೆವು. "ಅದೆಲ್ಲ ಗೇಮ್ ಆಡೋರಿಗೆ. ಬಯಾಸ್‌ಗೆ ಕೈ ಹಾಕಿದ್ರೆ ಬೋರ್ಡೇ ಹೋಗುತ್ತೆ" ಅಂದರು. ನಮ್ಮ ತಕರಾರು ಇರುವುದು ಇಲ್ಲೇ. ಗೇಮ್ ಆಡೋರಿಗೆ ಮಾತ್ರ ಅನ್ನುವುದಾದರೆ 3200ರ ದರ ನಮ್ಮಿಂದ ಯಾಕೆ ತಗೊಂಡಿರಿ?

ಆಗಿದ್ದು ಇಷ್ಟು. ರ‍್ಯಾಮಿನ ಮೇಲೆ ಒಂದು ಪುಟ್ಟ ಚಿಪ್ ಇರುತ್ತದೆ. ಯಾವ ಬೋರ್ಡಿನಲ್ಲೂ ತಂಟೆಯಿಲ್ಲದೆ ಓಡುವ ಸಾಧಾರಣ ವೇಗ ಅದರಲ್ಲಿ ಬರೆದಿರುತ್ತದೆ. ತಯಾರಕರು ಪರೀಕ್ಷಿಸಿ ಡಬ್ಬಿಯ ಮೇಲೆ ಅಚ್ಚು ಹಾಕಿದ ಹೆಚ್ಚಿನ ವೇಗವೂ ಅದರಲ್ಲೇ ಪ್ರೊಫೈಲ್ ಆಗಿ ಕೂತಿರುತ್ತದೆ. ಮೊದಲ ಸಲ ಆನ್ ಆದಾಗ ಬೋರ್ಡ್ ಸಾಧಾರಣ ವೇಗವನ್ನೇ ಹಿಡಿಯುತ್ತದೆ. ಅದು ಬೋರ್ಡಿನ ತಪ್ಪಲ್ಲ, ಜಾಗ್ರತೆ. ಎರಡನೆಯದನ್ನು ಮನುಷ್ಯರೇ ಆರಿಸಬೇಕು.

ಆರಿಸುವುದು ಎರಡು ನಿಮಿಷದ ಕೆಲಸ. ರೀಸ್ಟಾರ್ಟ್ ಮಾಡಿ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯಾಸ್‌ಗೆ ಹೋಗಿ. ಎಕ್ಸ್‌ಎಂಪಿ ಎಂಬ ಹೆಸರು ಹುಡುಕಿ. ಇಂಟೆಲ್ 2007ರಲ್ಲಿ ತಂದ ಪದ್ಧತಿ ಇದು. ಎಎಂಡಿ ಪ್ರೊಸೆಸರಿನ ಬೋರ್ಡುಗಳಲ್ಲಿ ಡಿಒಸಿಪಿ, ಎ-ಎಕ್ಸ್‌ಎಂಪಿ ಅಂತಲೂ, ಹೊಸ ಡಿಡಿಆರ್5 ಬೋರ್ಡುಗಳಲ್ಲಿ ಎಕ್ಸ್‌ಪೋ ಅಂತಲೂ ಇರಬಹುದು. ಮೊದಲ ಪ್ರೊಫೈಲ್ ಆರಿಸಿ, ಎಫ್10 ಒತ್ತಿ ಸೇವ್ ಮಾಡಿ. ವಿಂಡೋಸ್ ಬಂದ ಮೇಲೆ ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಮೆಮೊರಿ ಹೀಗೆ ಹೋಗಿ ನೋಡಿ. (ಸಿಪಿಯು-ಝಡ್ ಆ್ಯಪ್‌ನಲ್ಲಿ ನೋಡುವವರಿಗೆ 1600 ಕಾಣುತ್ತದೆ, ಗಾಬರಿ ಬೇಡ, ಅದನ್ನು ದುಪ್ಪಟ್ಟು ಮಾಡಿಕೊಳ್ಳಬೇಕು.)

ಬೋರ್ಡ್ ಹೋಗುತ್ತದೆಯೇ? ಡಿಡಿಆರ್4 ರ‍್ಯಾಮಿಗೆ ಸಾಮಾನ್ಯವಾಗಿ 1.2 ವೋಲ್ಟ್ ಸಾಕು, ಈ ಪ್ರೊಫೈಲಿನಲ್ಲಿ ಹೆಚ್ಚಾಗಿ 1.35 ಆಗುತ್ತದೆ. ಅದೂ ತಯಾರಕರೇ ಹೇಳಿದ ಲೆಕ್ಕ. ಕೆಲವೊಮ್ಮೆ ಹೊಂದಿಕೆಯಾಗದೆ ಸ್ಕ್ರೀನ್ ಕಪ್ಪಗೇ ಇರಬಹುದು. ಸ್ವಲ್ಪ ಹೊತ್ತು ಕಾಯಿರಿ, ಬಹಳಷ್ಟು ಬೋರ್ಡುಗಳು ತಾವೇ ಹಳೇ ವೇಗಕ್ಕೆ ಮರಳುತ್ತವೆ. ಮರಳದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಐದು ನಿಮಿಷ ತೆಗೆದು ಹಾಕಿ. ಜನ ಹೆದರುವುದು ಬಯಾಸ್ ಅಪ್‌ಡೇಟ್ ಜೊತೆ ಇದನ್ನು ಕಲಸಿಕೊಂಡು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಡಬಹುದು, ನಿಜ. ಯುಪಿಎಸ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಇದು ಬರೀ ಸೆಟ್ಟಿಂಗ್.

ಹಾಗಂತ ಎಲ್ಲರೂ ಓಡಿಹೋಗಿ ವೇಗದ ರ‍್ಯಾಮ್ ತರಬೇಕಿಲ್ಲ. ಅರ್ಜಿ ತುಂಬುವುದಕ್ಕೆ, ನುಡಿಯಲ್ಲಿ ಟೈಪ್ ಮಾಡುವುದಕ್ಕೆ ಒಂದಿಷ್ಟೂ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ಹಾಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಲಾಭ ಕಾಣುತ್ತದೆ, ಯಾಕೆಂದರೆ ಚಿತ್ರ ಮೂಡಿಸುವ ಕೆಲಸಕ್ಕೂ ಅದೇ ರ‍್ಯಾಮ್ ದುಡಿಯಬೇಕು. ಒಂದೇ ರ‍್ಯಾಮ್ ಹಾಕಿಕೊಂಡವರು ಇನ್ನೊಂದು ಜೊತೆ ಮಾಡಿದರೆ ಈ ಸೆಟ್ಟಿಂಗಿಗಿಂತ ಹೆಚ್ಚು ಪ್ರಯೋಜನ. ಇನ್ನು ಕೆಲವು ಬೋರ್ಡುಗಳಿಗೆ ಮಿತಿಯೇ ಇದೆ. ಇಂಟೆಲ್ ಎಚ್410 ಬೋರ್ಡಿನಲ್ಲಿ ಹತ್ತನೇ ತಲೆಮಾರಿನ ಐ5 ಹಾಕಿದರೆ 2666 ದಾಟುವುದಿಲ್ಲ. ಅಂಥವರಿಗೆ 3200ರ ರ‍್ಯಾಮನ್ನು ವೇಗದ ಆಸೆ ತೋರಿಸಿ ಮಾರುವುದು ಮೋಸವೇ ಸರಿ.

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ಕಂಪ್ಯೂಟರ್ ಕಟ್ಟಿಕೊಡುವವರು ದುಡ್ಡು ಎಣಿಸಿಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಆ ಅಂಕಿ ತೋರಿಸಲಿ. ಅಷ್ಟು ಓಡದ ಬೋರ್ಡಾದರೆ ಮೊದಲೇ ಹೇಳಲಿ. ತೂಕದ ಕಲ್ಲು ನೋಡಿ ಅಕ್ಕಿ ಕೊಳ್ಳುವ ನಾವು ಇಲ್ಲಿ ಮಾತ್ರ ಡಬ್ಬಿ ನೋಡಿ ಸುಮ್ಮನಾಗುವುದೇಕೆ?

ಅಂದಹಾಗೆ ಮೊನ್ನೆ ಕರೆಂಟ್ ಹೋಗಿ ಬಂದಾಗ ನಮ್ಮ ಕಂಪ್ಯೂಟರಿನ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು. ನಾಣ್ಯದ ಬ್ಯಾಟರಿ ಸತ್ತಿತ್ತು. ಅದರ ಜೊತೆ ರ‍್ಯಾಮೂ ಸದ್ದಿಲ್ಲದೆ 2400ಕ್ಕೆ ಇಳಿದು ಕೂತಿತ್ತು. ಹೊಸ ಬ್ಯಾಟರಿ ಹಾಕಿ, ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ, ಕ್ಯಾಬಿನೆಟ್ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: "ತಾರೀಖು ತಪ್ಪಿದರೆ ರ‍್ಯಾಮ್ ವೇಗವನ್ನೂ ನೋಡಿ."