ಅರವತ್ತಕ್ಕೆ ಅರಳು ಮರಳೆ?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕನ್ನಡಿಗರ ಮನೆಗಳಲ್ಲಿ ಬಲು ಹಳೆಯದು. ಅಜ್ಜನವರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕಿದರೆ ಸಾಕು, ಯಾರಾದರೊಬ್ಬರ ಬಾಯಿಗೆ ಆ ಮಾತು ಬಂದೇ ಬರುತ್ತದೆ. ವಿನೋದಕ್ಕಾಡಿದ್ದು ವಿನೋದವಾಗಿಯೇ ಉಳಿದರೆ ಕೇಡಿಲ್ಲ. ಆದರೆ ಹಿರಿಯರೇ ಅದನ್ನು ನಂಬಿ, “ಈ ವಯಸ್ಸಿನಲ್ಲಿ ಇನ್ನು ಕಲಿಯುವುದೇನು?” ಎಂದು ಕೈಚೆಲ್ಲಿ ಕುಳಿತರೆ, ಗಾದೆ ತನ್ನನ್ನು ತಾನೇ ನಿಜಮಾಡಿಕೊಳ್ಳುತ್ತದೆ.

ಗಾದೆಯನ್ನು ಸುಳ್ಳುಮಾಡಿದವರಿಗಾಗಿ ಬೆಂಗಳೂರಿನ ಹಳೆಯ ಬಡಾವಣೆಗಳನ್ನು ಬಿಟ್ಟು ಹೋಗಬೇಕಾಗಿಲ್ಲ. 2011ರ ಫೆಬ್ರವರಿಯಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ನಡೆದ 77ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು ಪ್ರೊ. ಜಿ. ವೆಂಕಟಸುಬ್ಬಯ್ಯನವರು. 1913ರಲ್ಲಿ ಜನಿಸಿದ ಅವರಿಗೆ ಆಗ 97 ವರ್ಷ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದ ಆ ವಿದ್ವಾಂಸರು, ಓದುಗರ ಪದಸಂದೇಹಗಳನ್ನು ಪರಿಹರಿಸುವ ‘ಇಗೋ ಕನ್ನಡ’ ಅಂಕಣವನ್ನು ‘ಪ್ರಜಾವಾಣಿ’ಯಲ್ಲಿ ಆರಂಭಿಸಿದ್ದು 1991ರಲ್ಲಿ, ಎಂಬತ್ತರ ಹೊಸ್ತಿಲಿನಲ್ಲಿ. 2021ರಲ್ಲಿ ಅವರು ತೀರಿಕೊಂಡಾಗ ವಯಸ್ಸು 107. ಬಸವನಗುಡಿಯವರೇ ಆದ ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಹೊರಬಂದಾಗ ಅವರಿಗೆ 56 ವರ್ಷ. ಗೀತೆಯನ್ನು ಕುರಿತ ಅವರ ಕೃತಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1967ರಲ್ಲಿ, ಎಂಬತ್ತರ ವಯಸ್ಸಿನಲ್ಲಿ.

“ಅವರು ಅಸಾಮಾನ್ಯರು, ಎಲ್ಲರಿಗೂ ಅದು ಸಾಧ್ಯವೆ?” ಎಂದು ಯಾರಾದರೂ ಕೇಳಬಹುದು. ಆದರೆ ಅವರು ದುಡಿದ ಕ್ಷೇತ್ರವನ್ನು ಗಮನಿಸಿದರೆ ಸಾಮಾನ್ಯರಿಗೂ ಅನ್ವಯಿಸುವ ಒಂದು ಸೂಕ್ಷ್ಮ ಹೊಳೆಯುತ್ತದೆ. ಪದ, ಅರ್ಥ, ಅನುಭವ—ಇವು ಮುಪ್ಪಿಗೆ ಬೇಗನೆ ಸೋಲದ ಸಂಪತ್ತು. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಬುದ್ಧಿಶಕ್ತಿಯನ್ನು ಎರಡಾಗಿ ವಿಂಗಡಿಸಿದ್ದರು. ಕಂಡರಿಯದ ಸಮಸ್ಯೆಯನ್ನು ಆಗಿಂದಾಗಲೇ ಬಿಡಿಸುವ ಚುರುಕು ಒಂದು. ಬಾಳಿನುದ್ದಕ್ಕೂ ಕೂಡಿಬಂದ ತಿಳಿವು ಇನ್ನೊಂದು. ಮೊದಲನೆಯದು ಯೌವನದಲ್ಲಿಯೇ ಶಿಖರ ಮುಟ್ಟಿ ಮೆಲ್ಲನೆ ಇಳಿಯತೊಡಗುತ್ತದೆ. ಎರಡನೆಯದು ಅರವತ್ತು ದಾಟಿದ ಮೇಲೂ ಬಹುಮಟ್ಟಿಗೆ ನಿಲ್ಲುತ್ತದೆ. 1956ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ವಾರ್ನರ್ ಶಾಯ್ ಆರಂಭಿಸಿ, ಏಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಪರೀಕ್ಷಿಸುತ್ತ ಬಂದ ಅಧ್ಯಯನವೂ ಇದನ್ನೇ ತೋರಿಸಿತು: ವೇಗವನ್ನು ಬೇಡುವ ಕೆಲಸಗಳಲ್ಲಿ ಇಳಿತ ಮೊದಲು, ಪದಜ್ಞಾನದಲ್ಲಿ ತಡವಾಗಿ.

ಹಾಗಾದರೆ ಮರೆವು ಸುಳ್ಳೆ? ಅಲ್ಲ. ಹೊಸ ಸಂಗತಿಯನ್ನು ನಾಳೆಗೆ ಕಾದಿಡುವುದರಲ್ಲಿ ಮೆದುಳಿನೊಳಗಿನ ಹಿಪ್ಪೊಕ್ಯಾಂಪಸ್ ಎಂಬ ಪುಟ್ಟ ಭಾಗದ ಪಾತ್ರ ದೊಡ್ಡದು. ವಯಸ್ಸಾದಂತೆ ಅದು ಕೊಂಚಕೊಂಚವಾಗಿ ಕುಗ್ಗುತ್ತದೆ. ಐವತ್ತು ವರ್ಷದ ಹಿಂದಿನ ಮದುವೆಯ ಅಡುಗೆಯನ್ನು ಸಾಲಾಗಿ ಹೇಳುವ ಅಜ್ಜಿಗೆ ಬೆಳಗ್ಗೆ ಬಂದು ಹೋದವರ ಹೆಸರು ನೆನಪಾಗದಿರುವುದು ಹೀಗೆ. ಹಳೆಯದು ನೂರು ಬಾರಿ ಹೇಳಿ ಗಟ್ಟಿಯಾದದ್ದು. ಹೊಸದಕ್ಕೆ ಆ ಭಾಗ್ಯ ಇನ್ನೂ ಬಂದಿಲ್ಲ. ಅದರಲ್ಲಿಯೂ ಹೆಸರು ಒಂದೇ ಎಳೆಯಲ್ಲಿ ತೂಗುವ ವಸ್ತು. ಬಂದವರು ವೈದ್ಯರೆಂಬುದು ನೆನಪಿದ್ದೀತು, ಏಕೆಂದರೆ ಅದಕ್ಕೆ ಔಷಧ, ಆಸ್ಪತ್ರೆ ಎಂಬ ಹತ್ತು ಎಳೆಗಳುಂಟು.

ಈ ಸಹಜ ಮರೆವನ್ನು ರೋಗವೆಂದು ಹೆದರುವುದೂ ತಪ್ಪು. ರೋಗವನ್ನು ‘ವಯಸ್ಸಾಯಿತು’ ಎಂದು ಉಪೇಕ್ಷಿಸುವುದು ಇನ್ನೂ ದೊಡ್ಡ ತಪ್ಪು. ಕೀಲಿಕೈ ಇಟ್ಟ ಜಾಗ ಮರೆತರೆ ಚಿಂತೆಯಿಲ್ಲ. ಕೀಲಿಕೈ ಯಾತಕ್ಕೆಂಬುದೇ ಮರೆತರೆ, ದಿನವೂ ನಡೆದ ಬೀದಿಯಲ್ಲಿ ದಾರಿ ತಪ್ಪಿದರೆ, ಗಳಿಗೆಗೊಮ್ಮೆ ಅದೇ ಪ್ರಶ್ನೆ ಬಂದರೆ, ವೈದ್ಯರನ್ನು ಕಾಣಬೇಕು. ಬಿ12 ಜೀವಸತ್ವದ ಕೊರತೆ—ಶಾಕಾಹಾರದ ಮನೆಗಳಲ್ಲಿ ಇದು ಅಪರೂಪವಲ್ಲ—ಥೈರಾಯ್ಡಿನ ದೋಷ, ಮನಸ್ಸಿನ ಖಿನ್ನತೆ ಇವೂ ಮರೆವನ್ನು ತರಬಲ್ಲವು, ಇವುಗಳಿಗೆ ಚಿಕಿತ್ಸೆಯುಂಟು. ಕಿವಿ ಮಂದವಾದವರು ಮರೆತಂತೆ ಕಂಡರೂ, ಎಷ್ಟೋ ಬಾರಿ ಮಾತು ಅವರನ್ನು ಮುಟ್ಟಿಯೇ ಇರುವುದಿಲ್ಲ. ಮಲ್ಲೇಶ್ವರದ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ದೀರ್ಘಕಾಲದ ಅಧ್ಯಯನಕ್ಕೆ ತೆಗೆದುಕೊಂಡಿದೆ. ಇಂಥ ತಿಳಿವಳಿಕೆ ಬಹಳ ಕಾಲ ಪಶ್ಚಿಮದ ದೇಶಗಳಿಂದಲೇ ಬರುತ್ತಿತ್ತು.

ಇನ್ನು ಕಲಿಕೆಯ ಮಾತು. ಮೊಬೈಲಿನಲ್ಲಿ ಹಣ ಕಳುಹಿಸುವ ಬಗೆಯನ್ನು ಮೊಮ್ಮಗ ಅರ್ಧ ನಿಮಿಷದಲ್ಲಿ ತೋರಿಸಿ, ಮರುದಿನ “ತಾತ, ನಿನ್ನೆ ತಾನೇ ಹೇಳಿಕೊಟ್ಟೆನಲ್ಲ!” ಎಂದು ರೇಗುತ್ತಾನೆ. ತಪ್ಪು ತಾತನದಲ್ಲ, ಪಾಠದ್ದು. ಒಂದು ಬಾರಿಗೆ ಒಂದೇ ಹೆಜ್ಜೆ. ತೋರಿಸುವುದಕ್ಕಿಂತ ಅವರ ಕೈಯಿಂದಲೇ ಮಾಡಿಸುವುದು. ಅದನ್ನು ನಾಳೆ, ನಾಲ್ಕು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಮಾಡಿಸುವುದು—ಹೀಗಾದರೆ ಎಪ್ಪತ್ತರಲ್ಲಿಯೂ ವಿದ್ಯೆ ನಿಲ್ಲುತ್ತದೆ. ಒಂದೇ ದಿನ ಉರುಹೊಡೆದದ್ದಕ್ಕಿಂತ ದಿನಗಳಿಗೆ ಹಂಚಿ ಕಲಿತದ್ದು ಉಳಿಯುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದರು. ದಿನದಿನವೂ ಮಗ್ಗಿ ಹೇಳಿಸುತ್ತಿದ್ದ ಕೂಲಿಮಠದ ಐಗಳಿಗೆ ಅದು ಮೊದಲೇ ಗೊತ್ತಿತ್ತು.

ಬ್ಯಾಂಕಿನ ಪಾಸ್‌ಬುಕ್ಕು, ಔಷಧದ ಚೀಟಿ, ಹಾಲಿನ ಲೆಕ್ಕ—ತಂದೆತಾಯಿಗಳಿಗೆ ತೊಂದರೆ ಬೇಡವೆಂದು ಮಕ್ಕಳು ಒಂದೊಂದಾಗಿ ಇವನ್ನೆಲ್ಲ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ನಿಜ. ಆದರೆ ಅದರೊಡನೆ ಅಭ್ಯಾಸವೂ ಹೋಗುತ್ತದೆ, ಮನೆಯ ಆಲೋಚನೆಯಲ್ಲಿ ಅವರಿಗಿದ್ದ ಪಾಲೂ ಹೋಗುತ್ತದೆ. ಹಾಲಿನ ಲೆಕ್ಕದಲ್ಲಿ ಎರಡು ರೂಪಾಯಿ ಹೆಚ್ಚುಕಡಿಮೆಯಾದರೂ ಆಗಲಿ, ಪುಸ್ತಕ ಅಮ್ಮನ ಕೈಯಲ್ಲಿಯೇ ಇರಲಿ.