ಏರಿಸುವ ಹಗ್ಗ, ಕಾಯುವ ಹಗ್ಗ

ಬಾವಿಯಿಂದ ನೀರು ಸೇದಿದ ಅನುಭವವುಳ್ಳ ಹಿರಿಯರು ಮನೆಯಲ್ಲಿದ್ದರೆ ಅವರನ್ನೊಮ್ಮೆ ಕೇಳಿ ನೋಡಿ. ತುಂಬಿದ ಕೊಡ ಇನ್ನೇನು ಕೈಗೆ ಸಿಕ್ಕಿತೆನ್ನುವಾಗ ಹಿಡಿತ ಜಾರಿ, ಹಗ್ಗವೂ ಕೊಡವೂ ಒಟ್ಟಿಗೆ ತಳ ಸೇರಿದ ಪ್ರಸಂಗವೊಂದನ್ನಾದರೂ ಅವರು ಹೇಳದಿರಲಾರರು. ಅದೇನೂ ದೊಡ್ಡ ವಿಪತ್ತಾಗಿರಲಿಲ್ಲ. ನೆರೆಮನೆಯಿಂದ ಪಾತಾಳಗರಡಿಯನ್ನು ತಂದು, ಅದರ ಕೊಕ್ಕೆಗಳಿಂದ ತಳವನ್ನು ತಡಕಾಡಿದರೆ ಕೊಡ ಮೇಲೆ ಬರುತ್ತಿತ್ತು. ಹೆಚ್ಚೆಂದರೆ ಒಂದು ಕಡೆ ನೆಗ್ಗಿರುತ್ತಿತ್ತು. ಆದರೆ ಹಗ್ಗದ ತುದಿಯಲ್ಲಿರುವುದು ಕೊಡವಲ್ಲ, ಮನುಷ್ಯ ಎಂದಾದರೆ?

ಮರಗಳ ಆರೈಕೆಯನ್ನೇ ವೃತ್ತಿಯಾಗಿ ಕೈಕೊಂಡವರು ಈ ಪ್ರಶ್ನೆಯನ್ನು ನಿತ್ಯವೂ ಎದುರಿಸಬೇಕಾಗುತ್ತದೆ. ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಇವರಿಗೆ ಆರ್ಬರಿಸ್ಟ್ ಎಂದು ಹೆಸರು. ಒಣಗಿದ ಕೊಂಬೆಗಳನ್ನು ಕಳೆಯುವುದು, ರೋಗ ತಗುಲಿದ ಭಾಗವನ್ನು ಪರೀಕ್ಷಿಸುವುದು, ಮನೆಗಳ ಮೇಲೆ ಬೀಳುವಂತಿರುವ ಮರವನ್ನು ತುಂಡು ತುಂಡಾಗಿ ಇಳಿಸುವುದು, ಇವೆಲ್ಲ ಅವರ ಕೆಲಸ. ಮರ 30 ಮೀಟರ್ ಎತ್ತರವಿದ್ದರೆ, ಅದನ್ನು ಏರುವುದೆಂದರೆ ಹತ್ತು ಅಂತಸ್ತಿನ ಕಟ್ಟಡವನ್ನು ಮೆಟ್ಟಿಲುಗಳಿಲ್ಲದೆ ಏರಿದಂತೆ. ತೊಟ್ಟಿಲನ್ನು ಎತ್ತಿ ನಿಲ್ಲಿಸುವ ಯಂತ್ರದ ವಾಹನ ಎಲ್ಲ ಮನೆಗಳ ಹಿತ್ತಲಿಗೂ ಹೋಗಲಾರದು. ಕೈಕಾಲುಗಳ ಬಲದಿಂದಲೇ ಮೇಲೇರಿದವನು ಕೆಲಸ ಆರಂಭಿಸುವ ಮೊದಲೇ ದಣಿದಿರುತ್ತಾನೆ. ದಣಿದ ಕೈಗೆ ಗರಗಸವನ್ನು ಕೊಡುವುದು ಜಾಣತನವಲ್ಲವಷ್ಟೆ.

ಆದುದರಿಂದಲೇ ವಿಂಚನ್ನು ಬಳಸುವ ಉಪಾಯ ಹುಟ್ಟಿತು. ಕಡಿದ ದಿಮ್ಮಿಗಳನ್ನು ಎತ್ತಲು ಮತ್ತು ಮೆಲ್ಲನೆ ಇಳಿಸಲು ಮರದ ಬುಡಕ್ಕೆ ಬಿಗಿದು ಕಟ್ಟುವ ಸಾಧನವಿದು. ಕೆಲವದರಲ್ಲಿ ಹಾಯಿದೋಣಿಗಳ ಹಗ್ಗವನ್ನೆಳೆಯುವ ವಿಂಚನ್ನೇ ಅಳವಡಿಸಿರುತ್ತಾರೆ. ಅದರ ಉರುಳೆಗೆ ಹಗ್ಗವನ್ನು ಮೂರು ನಾಲ್ಕು ಸುತ್ತು ಸುತ್ತಿ, ಹಿಡಿಯನ್ನು ತಿರುಗಿಸಬೇಕು. ಒಳಗಿರುವ ಹಲ್ಲುಗಾಲಿಗಳು ತಿರುಗಿಸುವವನ ಅಲ್ಪಬಲವನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ಅದಕ್ಕೆ ಬದಲಾಗಿ ಅವನು ಹೆಚ್ಚು ಸುತ್ತು ತಿರುಗಿಸಬೇಕಾಗುತ್ತದೆ. ಪ್ರಕೃತಿಯ ಲೆಕ್ಕದಲ್ಲಿ ಪುಕ್ಕಟೆ ಎಂಬುದಿಲ್ಲ. ದಿಮ್ಮಿಯನ್ನೆತ್ತುವ ಈ ಯಂತ್ರದಿಂದ ಮನುಷ್ಯನನ್ನೂ ಎತ್ತಬಹುದಲ್ಲವೆ? ಎತ್ತಬಹುದು. ಆದರೆ ದಿಮ್ಮಿಗೆ ಸಾಕಾಗುವ ಎಚ್ಚರ ಮನುಷ್ಯನಿಗೆ ಸಾಲದು.

ಮೊದಲನೆಯದು ಮೇಲಿನ ಕವಲಿನ ಮಾತು. ಬುಡದಿಂದ ಹೊರಟ ಹಗ್ಗ ಮೇಲಿನ ರಾಟೆಯನ್ನು ಬಳಸಿ ಕೆಳಗಿಳಿದು ಮನುಷ್ಯನನ್ನು ಹಿಡಿದಿರುತ್ತದೆ. ಸಲಕರಣೆಗಳೂ ಸೇರಿ ಅವನ ತೂಕ 90 ಕಿಲೋ ಇದ್ದರೆ ಕವಲಿನ ಮೇಲೆ ಬೀಳುವ ಭಾರವೂ 90 ಕಿಲೋ ಎಂದು ತೋರುವುದು ಸಹಜ. ಅದು ತಪ್ಪು. ಬಾವಿಯ ರಾಟೆಯ ತೊಲೆ ಕೊಡದ ಭಾರವನ್ನಷ್ಟೇ ಅಲ್ಲದೆ ಸೇದುವವರ ಎಳೆತವನ್ನೂ ಹೊರುವಂತೆ, ಕವಲೂ ಎರಡು ಕಡೆಯ ಎಳೆತವನ್ನು ಹೊರಬೇಕು. ಅಂದರೆ ಸುಮಾರು 180 ಕಿಲೋ. ಹಸುರಾಗಿ ಕಾಣುವ ಕೊಂಬೆಯ ಒಳಗೆ ಗೆದ್ದಲೋ ಪೊಳ್ಳೋ ಇರಬಹುದು. ಈ ಕಾರಣದಿಂದ, ಯಾರೂ ಏರುವ ಮೊದಲು ಕೆಳಗಿನಿಂದಲೇ ಇಬ್ಬರು ಹಗ್ಗಕ್ಕೆ ಜೋತುಬಿದ್ದು ಪರೀಕ್ಷಿಸುತ್ತಾರೆ.

ಎರಡನೆಯದೇ ಮುಖ್ಯವಾದುದು. ಎತ್ತುವ ಹಗ್ಗವನ್ನೇ ಕಾಯುವ ಹಗ್ಗವೆಂದು ನಂಬಬಾರದು. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಎಲಿಷಾ ಓಟಿಸ್ ಎಂಬಾತನು ಎತ್ತರಕ್ಕೆ ಏರಿಸಿದ ಹಲಗೆಯ ಮೇಲೆ ತಾನೇ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಕಡಿಸಿದನು. ನೋಡುತ್ತಿದ್ದ ಜನ ಬೆಚ್ಚಿದರು. ಹಲಗೆ ಸ್ವಲ್ಪವೇ ಜಾರಿ, ತಡೆಯೊಳಗೆ ಸಿಕ್ಕಿ ನಿಂತುಬಿಟ್ಟಿತು. ಇಂದು ನಾವು ನಿಶ್ಚಿಂತೆಯಿಂದ ಲಿಫ್ಟಿನೊಳಗೆ ಕಾಲಿಡುವುದು ಅದರ ಹಗ್ಗವನ್ನು ನಂಬಿ ಮಾತ್ರವಲ್ಲ. ಹಗ್ಗ ಕೈಕೊಟ್ಟರೆ ಹಿಡಿಯುವುದು ಬೇರೊಂದಿದೆ ಎಂಬ ನಂಬಿಕೆಯಿಂದ. ಮರದಲ್ಲಿಯೂ ಹೀಗೆಯೇ. ವಿಂಚಿನ ಹಗ್ಗ ಅವನನ್ನು ಏರಿಸುತ್ತಿರುವಾಗ, ಬೇರೆಡೆಗೆ ಕಟ್ಟಿದ ಇನ್ನೊಂದು ಹಗ್ಗ ಅವನ ಜೊತೆಗಿರಬೇಕು. ಅದರ ಹಿಡಿಕೆ ಮೇಲಕ್ಕೆ ಸರಾಗವಾಗಿ ಜಾರುತ್ತದೆ. ಕೆಳಕ್ಕೆ ಎಳೆತ ಬಿದ್ದೊಡನೆ ಕಚ್ಚಿ ನಿಲ್ಲುತ್ತದೆ. ವಿಂಚು ಕೆಟ್ಟು ನಿಂತರೂ ಆ ಎರಡನೆಯ ಹಗ್ಗದ ಮೇಲೆ ಅವನು ತಾನಾಗಿ ಇಳಿದು ಬರುವಂತಿರಬೇಕು. ದಿಮ್ಮಿಗಳ ಹೊಡೆತ ತಿಂದ ಹಗ್ಗವನ್ನಂತೂ ಮನುಷ್ಯನಿಗೆ ಕಟ್ಟಲೇಬಾರದು.

ಮೂರನೆಯದು ಕೆಳಗೆ ನಿಂತವನ ಹೊಣೆ. ಮೇಲೇರುವವನ ಕಾಲು ಕವಲಿನಲ್ಲಿ ಸಿಕ್ಕಿಕೊಂಡರೆ, ಕೈಯಿಂದ ತಿರುಗಿಸುವವನಿಗೆ ಹಿಡಿ ಬಿಗಿಯಾದುದು ತಿಳಿಯುತ್ತದೆ. ಮೋಟಾರಿಗೆ ಅದು ತಿಳಿಯದು, ಎಳೆಯುತ್ತಲೇ ಹೋಗುತ್ತದೆ. ಯಂತ್ರ ಯಾವುದೇ ಆಗಿರಲಿ, ತಿರುಗಿಸುವವನ ಕಣ್ಣು ಮೇಲಿನವನನ್ನು ಬಿಟ್ಟು ಕದಲಬಾರದು. ಏರಿಸು, ನಿಲ್ಲಿಸು, ಇಳಿಸು ಎಂಬ ಮೂರು ಸಂಜ್ಞೆಗಳನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಹರಟೆಗೆ ಅದು ಸಮಯವಲ್ಲ.

ಬ್ರಿಟನ್ನಿನಲ್ಲಿ ಇದು ಕೇವಲ ಬುದ್ಧಿವಾದವಾಗಿ ಉಳಿದಿಲ್ಲ. 1998ರ ನಿಯಮಗಳ ಪ್ರಕಾರ, ಸರಕನ್ನೆತ್ತುವ ಯಂತ್ರವನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತಜ್ಞರು ಕೂಲಂಕಷವಾಗಿ ಪರೀಕ್ಷಿಸಿದರೆ ಸಾಕು. ಮನುಷ್ಯರನ್ನೆತ್ತುವ ಸಾಧನವಾದರೆ ಆರು ತಿಂಗಳಿಗೊಮ್ಮೆ ಪರೀಕ್ಷೆ ನಡೆಯಬೇಕು. ಅಮೆರಿಕದ ಕಥೆ ಹೃದಯವನ್ನು ಕಲಕುವಂಥದು. ಅಲ್ಲಿ ಮರದ ಕೆಲಸದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು, ಇಂಥ ದುಡಿಮೆಗೆ ಸುರಕ್ಷತೆಯ ನಿಯಮಗಳು ಬೇಕೆಂದು ಬಿಡದೆ ಮನವಿ ಮಾಡಿದಳು. ಆಕೆಯ ಒತ್ತಾಯದಿಂದ 1968ರಲ್ಲಿ ಸಮಿತಿಯೊಂದು ರೂಪುಗೊಂಡಿತು. 1972ರಲ್ಲಿ ಮೊದಲ ನಿಯಮಾವಳಿ ಹೊರಬಂದಿತು. ಆಕೆಯ ಮಗ ಮರಳಿ ಬರಲಿಲ್ಲ. ಆದರೆ ಎಷ್ಟೋ ತಾಯಂದಿರ ಮಕ್ಕಳು ಸಂಜೆ ಮನೆಗೆ ಮರಳಿದ್ದಾರೆ.

ನಮ್ಮ ಬೀದಿಗಳಲ್ಲಿಯೂ ಮಳೆಗಾಲಕ್ಕೆ ಮುನ್ನ ಮರ ಏರುವವರು ಬರುತ್ತಾರೆ. ಬರಿಗಾಲು, ಕೈಯಲ್ಲೊಂದು ಮಚ್ಚು. ಸೊಂಟಕ್ಕೆ ಹಗ್ಗವಿದ್ದರೆ ಅದೇ ಹೆಚ್ಚು. ಆ ಚುರುಕುತನವನ್ನು ಕಂಡು ನಾವು ಬೆರಗಾಗುತ್ತೇವೆ. ಬಳಿಕ ಕೂಲಿಯ ಚೌಕಾಸಿಗೆ ನಿಲ್ಲುತ್ತೇವೆ. ಮುಂದಿನ ಸಲ ಚೌಕಾಸಿಗೆ ಮೊದಲು, "ಎರಡನೆಯ ಹಗ್ಗ ಎಲ್ಲಿದೆಯಪ್ಪ?" ಎಂದು ಒಂದು ಮಾತು ಕೇಳೋಣ. ಇಲ್ಲವೆಂದರೆ ಅದಕ್ಕೆ ತಗಲುವ ವೆಚ್ಚವನ್ನು ಕೊಟ್ಟು, ಅದನ್ನು ತರುವವರೆಗೆ ಒಂದು ದಿನ ಕಾಯೋಣ. ಒಣಕೊಂಬೆಯ ಕೆಳಗೆ ಯಾರೂ ಸುಳಿಯದಂತೆ ನೋಡಿಕೊಂಡರೆ ಆ ಒಂದು ದಿನ ಕಳೆದುಹೋಗುತ್ತದೆ. ಬಿದ್ದ ಕೊಡವನ್ನು ಮೇಲೆತ್ತಲು ಪಾತಾಳಗರಡಿ ಇದೆ. ಬಿದ್ದ ಮನುಷ್ಯನನ್ನು ಮನೆಯವರಿಗೆ ಮರಳಿಸಿಕೊಡುವ ಗರಡಿಯನ್ನು ಇನ್ನೂ ಯಾರೂ ಮಾಡಿಲ್ಲ.